ಮರದ ಬೇರಿಂಗ್: ಅಗ್ಗ ಯಾರಿಗೆ, ಎಲ್ಲಿ?

ತಿರುಗುವ ದಂಡದ ಭಾರವನ್ನು ಹೊತ್ತು, ಅದನ್ನು ಜಾಗ ಬಿಟ್ಟು ಕದಲದಂತೆ ಹಿಡಿದು, ಆದರೂ ಸಲೀಸಾಗಿ ತಿರುಗಲು ಬಿಡುವ ಭಾಗವೇ ಬೇರಿಂಗ್. ಹೊಲಿಗೆ ಯಂತ್ರ, ಫ್ಯಾನು, ಸೈಕಲ್, ಹಿಟ್ಟಿನ ಗಿರಣಿ, ಎತ್ತಿನ ಗಾಡಿ - ಬೇರಿಂಗ್ ಇಲ್ಲದ ಯಂತ್ರವನ್ನು ಹುಡುಕುವುದೇ ಕಷ್ಟ. ಅಂಗಡಿಯಲ್ಲಿ ದೊರೆಯುವ ಉಕ್ಕಿನ ಬಾಲ್ ಬೇರಿಂಗಿಗೆ ಬದಲಾಗಿ ಎಣ್ಣೆಯಲ್ಲಿ ಕುದಿಸಿದ ಮರ, ನೈಲಾನ್ ತುಂಡು ಅಥವಾ ಪಿವಿಸಿ ಪೈಪನ್ನು ಬಳಸಬಹುದೆಂಬ ಸಲಹೆ ಗ್ರಾಮೀಣ ತಂತ್ರಜ್ಞಾನದ ಪುಸ್ತಕಗಳಲ್ಲಿಯೂ ಶಾಲಾ ವಿಜ್ಞಾನ ಮೇಳಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಸಿಗುವುದು ಮೆಚ್ಚುಗೆ ಇಲ್ಲವೇ ನಗು. ಎರಡೂ ವಿಮರ್ಶೆಯಲ್ಲ. ಲೆಕ್ಕ ಹಾಕಿ ನೋಡುವುದು ವಿಮರ್ಶೆ. ಅದನ್ನೇ ಇಲ್ಲಿ ಮಾಡೋಣ.

ಒಂದು ಕಿರುಪುಸ್ತಕ, ಎರಡು ಭಾಗಗಳ ಹೆಸರು

ಅರ್ಥಶಾಸ್ತ್ರಜ್ಞ ಇ.ಎಫ್. ಶುಮಾಕರ್ 1966ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿಸಿದ 'ಇಂಟರ್‌ಮೀಡಿಯೆಟ್ ಟೆಕ್ನಾಲಜಿ ಡೆವಲಪ್‌ಮೆಂಟ್ ಗ್ರೂಪ್' 1975ರಲ್ಲಿ ಎಣ್ಣೆಯಲ್ಲಿ ನೆನೆಸಿದ ಮರದ ಬೇರಿಂಗುಗಳ ಬಗ್ಗೆ ಒಂದು ಕಿರುಪುಸ್ತಕವನ್ನು ಪ್ರಕಟಿಸಿತು. ಅದರ ಹೆಸರಿನಲ್ಲಿ ಎರಡು ಭಾಗಗಳಿವೆ: ಅವನ್ನು ಹೇಗೆ ಮಾಡುವುದು, ಅವು ಹೇಗೆ ಕೆಲಸ ಮಾಡುತ್ತವೆ. ಈ ಎರಡನೆಯ ಭಾಗವನ್ನು ನೆನಪಿನಲ್ಲಿಡಿ.

ಸಂಸ್ಥೆಯು ಪ್ರಚಾರ ಮಾಡಿದ ವಿಧಾನ ಸರಳವಾದುದು. ಗಟ್ಟಿ ಜಾತಿಯ ಒಣ ಮರವನ್ನು ಆರಿಸಬೇಕು. ಬೇರಿಂಗಿನ ಉದ್ದ ದಂಡದ ವ್ಯಾಸದ ಎರಡರಷ್ಟಾದರೂ ಇರಬೇಕು; ರಂಧ್ರದ ಸುತ್ತ ಉಳಿಯುವ ಮರದ ದಪ್ಪ ಎಲ್ಲಿಯೂ ದಂಡದ ವ್ಯಾಸಕ್ಕಿಂತ ಕಡಿಮೆ ಇರಬಾರದು. ಅಂದರೆ 25 ಮಿ.ಮೀ. ದಂಡಕ್ಕೆ 75 ಮಿ.ಮೀ. ಅಗಲ, 75 ಮಿ.ಮೀ. ಎತ್ತರ, 50 ಮಿ.ಮೀ. ಉದ್ದದ ದಿಮ್ಮಿ ಬೇಕು. ಅದನ್ನು ಎಣ್ಣೆಯಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿಸಿ, ಎಣ್ಣೆಯಲ್ಲಿಯೇ ತಣಿಯಲು ಬಿಡಬೇಕು.

ಈ ಕೊನೆಯ ಸೂಚನೆ ಭೌತವಿಜ್ಞಾನದ ದೃಷ್ಟಿಯಿಂದ ಸೊಗಸಾಗಿದೆ. ಕಾಯಿಸಿದಾಗ ಮರದ ಸೂಕ್ಷ್ಮ ನಾಳಗಳಲ್ಲಿರುವ ನೀರು ಆವಿಯಾಗಿ, ಗಾಳಿಯನ್ನೂ ತಳ್ಳಿಕೊಂಡು ಹೊರಬರುತ್ತದೆ. ತಣಿಯುವಾಗ ಒಳಗೆ ಉಳಿದ ಆವಿ ದ್ರವವಾಗಿ ಒತ್ತಡ ಕುಸಿಯುತ್ತದೆ. ಹೊರಗಿನ ವಾಯುಭಾರ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ. ಬಿಸಿಯಾಗಿರುವಾಗಲೇ ದಿಮ್ಮಿಯನ್ನು ಹೊರತೆಗೆದರೆ ಒಳಗೆ ಸೇರುವುದು ಎಣ್ಣೆಯಲ್ಲ, ಗಾಳಿ.

ಇದನ್ನು 'ಅಸಾಂಪ್ರದಾಯಿಕ' ಎನ್ನುವುದು ಮಾತ್ರ ಸರಿಯಲ್ಲ. 1850ರ ದಶಕದಲ್ಲಿ ಉಗಿ ಹಡಗುಗಳ ಪ್ರೊಪೆಲರ್ ದಂಡಕ್ಕೆ ಲೋಹದ ಬೇರಿಂಗುಗಳು ಬೇಗ ಸವೆದು ತೊಂದರೆಯಾದಾಗ, ಜಾನ್ ಪೆನ್ ಎಂಬ ಬ್ರಿಟಿಷ್ ಎಂಜಿನಿಯರ್ ಪರಿಹಾರ ಕಂಡುಕೊಂಡದ್ದು ಲಿಗ್ನಮ್ ವೀಟೆ ಎಂಬ ಮರದಲ್ಲಿ. ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ, ತನ್ನೊಳಗೇ ರಾಳವಿರುವ ಈ ಮರಕ್ಕೆ ಸಮುದ್ರದ ನೀರೇ ಕೀಲೆಣ್ಣೆಯಾಯಿತು. ಮರ ಬಡವರ ಬದಲಿ ವಸ್ತುವಾಗಿ ಯಂತ್ರಶಾಸ್ತ್ರಕ್ಕೆ ಬಂದದ್ದಲ್ಲ.

ಬಿಟ್ಟುಹೋಗುವ ಲೆಕ್ಕ

ನನ್ನ ಆಕ್ಷೇಪ ಮೂಲ ಕಲ್ಪನೆಯ ಮೇಲಲ್ಲ, ಅದನ್ನು ನಕಲು ಮಾಡುವ ರೀತಿಯ ಮೇಲೆ. ಕೈಯಿಂದ ಕೈಗೆ ಹೋಗುವಾಗ 'ಹೇಗೆ ಮಾಡುವುದು' ಉಳಿಯುತ್ತದೆ, 'ಹೇಗೆ ಕೆಲಸ ಮಾಡುತ್ತದೆ' ಉದುರಿಹೋಗುತ್ತದೆ. ಮೇಳದಲ್ಲಿ ವಿದ್ಯಾರ್ಥಿಯು ಬೇರಿಂಗಿನ ಬೆಲೆ ಹೇಳುತ್ತಾನೆ. ಎಷ್ಟು ಭಾರಕ್ಕೆ, ಎಷ್ಟು ವೇಗಕ್ಕೆ ಎಂದರೆ ಉತ್ತರವಿಲ್ಲ.

ಮೇಲೆ ಹೇಳಿದ 25 ಮಿ.ಮೀ. ದಂಡದ ಮೇಲೆ 1000 ನ್ಯೂಟನ್ ಭಾರ, ಅಂದರೆ ಸುಮಾರು 100 ಕಿಲೋಗ್ರಾಂ ತೂಕ ಇದೆ ಎನ್ನಿ. ಬೇರಿಂಗಿನ ಉದ್ದವನ್ನು ದಂಡದ ವ್ಯಾಸದಿಂದ ಗುಣಿಸಿದರೆ 1250 ಚದರ ಮಿ.ಮೀ.; ಒತ್ತಡ ಪ್ರತಿ ಚದರ ಮಿ.ಮೀ.ಗೆ 0.8 ನ್ಯೂಟನ್. ಗಟ್ಟಿ ಮರಕ್ಕೆ ಇದು ಹೊರಲಾರದ ಹೊರೆಯಲ್ಲ. ಘರ್ಷಣಾಂಕ 0.15 ಎಂದಿಟ್ಟುಕೊಂಡರೆ ಘರ್ಷಣಾ ಬಲ 150 ನ್ಯೂಟನ್.

ದಂಡ ನಿಮಿಷಕ್ಕೆ 60 ಸುತ್ತು ತಿರುಗಿದರೆ ಅದರ ಮೇಲ್ಮೈ ವೇಗ ಸೆಕೆಂಡಿಗೆ 0.08 ಮೀಟರ್. ಹುಟ್ಟುವ ಉಷ್ಣ 12 ವಾಟ್. ಇದೇ ದಂಡವನ್ನು ವಿದ್ಯುತ್ ಮೋಟಾರಿಗೆ ನೇರವಾಗಿ ಜೋಡಿಸಿ ನಿಮಿಷಕ್ಕೆ 1440 ಸುತ್ತು ತಿರುಗಿಸಿದರೆ ವೇಗ ಸೆಕೆಂಡಿಗೆ 1.9 ಮೀಟರ್, ಉಷ್ಣ ಸುಮಾರು 280 ವಾಟ್. ರೇಡಿಯೋ ರಿಪೇರಿಯವರ 25 ವಾಟಿನ ಸಾಲ್ಡರಿಂಗ್ ಐರನ್ ಹನ್ನೊಂದನ್ನು ಒಂದು ಮರದ ತುಂಡಿನೊಳಗೆ ತುರುಕಿದಂತೆ! ಉಕ್ಕಿನ ಉಷ್ಣವಾಹಕತೆ ಮರದ್ದಕ್ಕಿಂತ ಸುಮಾರು 250 ಪಟ್ಟು ಹೆಚ್ಚು. ಆದ್ದರಿಂದ ಮರದ ಮೂಲಕ ಶಾಖ ಹೊರಹೋಗುವುದೇ ಇಲ್ಲ ಎನ್ನಬಹುದು; ಇರುವ ದಾರಿ ದಂಡವೊಂದೇ. ಎಣ್ಣೆ ತೆಳುವಾಗಿ ಸೋರುತ್ತದೆ, ಘರ್ಷಣೆ ಏರುತ್ತದೆ, ಕೊನೆಗೆ ಮರ ಕರಿಯಾಗುತ್ತದೆ.

ವೇಗ ಹೆಚ್ಚಿದಾಗ ಎಣ್ಣೆಯ ಪದರವೇ ದಂಡವನ್ನು ಎತ್ತಿ ಹಿಡಿದು ಘರ್ಷಣೆ ಇಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೋಶಾಂಪ್ ಟವರ್ 1883ರಲ್ಲಿ ಪ್ರಯೋಗದಿಂದ ಕಂಡದ್ದನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ವಿವರಿಸಿದ್ದು ಇದನ್ನೇ. ಆದರೆ ಅಂಥ ಪದರಕ್ಕೆ ನಯವಾದ ಮೇಲ್ಮೈ, ನಿಖರವಾದ ಸಣ್ಣ ಸಂದು, ಸತತವಾದ ಎಣ್ಣೆಯ ಪೂರೈಕೆ ಬೇಕು. ಮರದಿಂದ ಜಿನುಗುವ ಎಣ್ಣೆ ಸವೆತವನ್ನು ತಗ್ಗಿಸಲು ಸಾಕು, ದಂಡವನ್ನು ತೇಲಿಸಲು ಸಾಲದು.

ಗಾಡಿಯ ಪರವಾಗಿ

ಈಗ ಎತ್ತಿನ ಗಾಡಿಯನ್ನು ತೆಗೆದುಕೊಳ್ಳಿ. ಒಂದು ಗಾಲಿಯ ಮೇಲೆ 500 ಕಿಲೋಗ್ರಾಂ, ಅಂದರೆ 4900 ನ್ಯೂಟನ್ ಭಾರ. ಗಾಲಿಯ ವ್ಯಾಸ 1500 ಮಿ.ಮೀ., ಅಚ್ಚಿನ ವ್ಯಾಸ 40 ಮಿ.ಮೀ. ಘರ್ಷಣಾಂಕ 0.15 ಆದರೆ ಅಚ್ಚಿನಲ್ಲಿ ಘರ್ಷಣೆ 735 ನ್ಯೂಟನ್. ಆದರೆ ಗಾಲಿ ಒಂದು ಸನ್ನೆ. ಎತ್ತಿಗೆ ತಟ್ಟುವುದು ಇದರ 1500ರಲ್ಲಿ 40 ಭಾಗ ಮಾತ್ರ, ಸುಮಾರು 20 ನ್ಯೂಟನ್. ಮಣ್ಣಿನ ದಾರಿಯ ಉರುಳು ಪ್ರತಿರೋಧದ ಅಂಕ 0.05 ಎಂದಿಟ್ಟುಕೊಂಡರೆ, ದಾರಿಯೇ ಒಡ್ಡುವ ತಡೆ 245 ನ್ಯೂಟನ್. ಘರ್ಷಣೆಯೇ ಇಲ್ಲದ ಬೇರಿಂಗ್ ಹಾಕಿದರೂ ಎತ್ತಿಗೆ ಉಳಿಯುವುದು ನೂರಕ್ಕೆ ಏಳೆಂಟು ಪಾಲು. ದಾರಿ ರಿಪೇರಿ ಮಾಡಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ!

ಹಾಗಾಗಿ ಗಾಡಿಗೆ ಕೀಲೆಣ್ಣೆ ಹಾಕಿದ ಸರಳ ಬೇರಿಂಗ್ ಹಿಂದುಳಿದ ತಂತ್ರವಲ್ಲ. ದೊಡ್ಡ ಗಾಲಿ, ಸಣ್ಣ ಅಚ್ಚು, ನಿಧಾನದ ನಡೆ ಇರುವಲ್ಲಿ ಅದೇ ಸರಿಯಾದ ತಂತ್ರ. ಮೋಟಾರಿನಲ್ಲಿ ಸುಟ್ಟುಹೋಗುವ ಮರವೇ ಇಲ್ಲಿ ಜಾಣ ಆಯ್ಕೆ.

ಕೈಪಂಪಿನ ಪಾಠ

ಕಡಿಮೆ ವೆಚ್ಚ ಎಂದರೇನೆಂಬುದಕ್ಕೆ ಹಳ್ಳಿಯ ಕೈಪಂಪಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1970ರ ದಶಕದಲ್ಲಿ ನಮ್ಮ ದೇಶದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್-2 ಪಂಪಿನ ಹಿಡಿಯಲ್ಲಿ ಬಾಲ್ ಬೇರಿಂಗುಗಳಿವೆ. ಪಂಪು ಗಟ್ಟಿಮುಟ್ಟು, ಆದರೆ ಬಿಗಿಯಾಗಿ ಕೂರಿಸಿದ ಆ ಬೇರಿಂಗನ್ನು ಬದಲಿಸಲು ಸಲಕರಣೆ ಬೇಕು, ಮೆಕ್ಯಾನಿಕ್ ಬೇಕು. ಆಫ್ರಿಕಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಆಫ್ರಿಡೆವ್ ಪಂಪಿನಲ್ಲಿ ನೈಲಾನ್ ಮತ್ತು ಅಸಿಟಾಲ್ ಎಂಬ ಎರಡು ಪ್ಲಾಸ್ಟಿಕ್ಕುಗಳ ಬುಷ್‌ಗಳು ಒಂದರೊಳಗೊಂದು ಕೂರುತ್ತವೆ. ಅವು ಉಕ್ಕಿನ ಬೇರಿಂಗಿಗಿಂತ ಬೇಗ ಸವೆಯುತ್ತವೆ. ಆದರೆ ಊರಿನವರೇ ಕೈಯಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಬಲ್ಲರು. ಹಿಡಿಯ ಚಲನೆ ನಿಧಾನ, ಪೂರ್ಣ ಸುತ್ತೂ ಅಲ್ಲ. ಆದ್ದರಿಂದ ಶಾಖದ ಕಾಟವಿಲ್ಲ.

ಬೇರಿಂಗ್ ಕೆಟ್ಟ ದಿನದಿಂದ ಸರಿಯಾಗುವ ದಿನದವರೆಗೆ ಹೆಂಗಸರು ಮಕ್ಕಳು ಕೊಡ ಹೊತ್ತು ನಡೆಯುವ ದೂರ ಯಾವ ಬೆಲೆಪಟ್ಟಿಯಲ್ಲಿಯೂ ಇರುವುದಿಲ್ಲ. ಅದೂ ವೆಚ್ಚವೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಇದು ಎಷ್ಟು ಅಗ್ಗ?' ಎಂಬುದಷ್ಟೇ ಅಲ್ಲ, 'ಕೆಟ್ಟರೆ ಯಾರು, ಎಷ್ಟು ಬೇಗ ಸರಿಮಾಡಬಲ್ಲರು?' ಎಂಬುದು. ಇನ್ನೊಂದು ಅಂಶವನ್ನೂ ಗಮನಿಸಿ: ಆ ಬುಷ್‌ಗಳನ್ನು ಹಳ್ಳಿಯಲ್ಲಿ ಕೆತ್ತುವುದಿಲ್ಲ, ಕಾರ್ಖಾನೆಯಲ್ಲಿ ನಿಖರವಾದ ಅಚ್ಚಿನಲ್ಲಿ ಎರೆಯುತ್ತಾರೆ. ಒಂದರಂತೆ ಇನ್ನೊಂದು ಇರುವುದರಿಂದಲೇ ರಿಪೇರಿ ಸುಲಭ. ಅಗ್ಗಕ್ಕೂ ನಿಖರತೆಗೂ ವೈರವಿದೆ ಎಂದುಕೊಳ್ಳುವುದು ಸರಿಯಲ್ಲ.

ಕಾಣದ ಬೆಲೆ

ಮರದ ಬೇರಿಂಗಿಗೆ ಬಳಸಿದ ಎಂಜಿನ್ ಆಯಿಲ್ ಸಾಕೆಂಬ ಸಲಹೆಯನ್ನು ಇಂದು ಹಾಗೆಯೇ ಒಪ್ಪಲಾಗದು. ಅದರಲ್ಲಿ ಕ್ಯಾನ್ಸರ್‌ಕಾರಕ ಹೈಡ್ರೊಕಾರ್ಬನ್ನುಗಳಿರುತ್ತವೆ. ಚರ್ಮಕ್ಕೂ ಉಸಿರಿಗೂ ಅದು ತಾಗಬಾರದು. ಹಸಿ ಮರವನ್ನು ಕಾದ ಎಣ್ಣೆಗೆ ಹಾಕಿದರೆ ನೊರೆ ಉಕ್ಕಿ ಬೆಂಕಿಗೆ ಸುರಿಯುವ ಅಪಾಯವೂ ಇದೆ. ಶಾಲೆಯಲ್ಲಿ ಇದನ್ನು ಮಾಡುವುದು ಬೇಡ.

ಮರದ ಸ್ವಭಾವ ಇನ್ನೊಂದು ತೊಡಕು. ತೇವದಿಂದ ಅದು ಎಲ್ಲ ದಿಕ್ಕಿನಲ್ಲಿ ಒಂದೇ ಸಮ ಹಿಗ್ಗುವುದಿಲ್ಲ. ಆದ್ದರಿಂದ ದುಂಡು ರಂಧ್ರ ಮಳೆಗಾಲದಲ್ಲಿ ಮೊಟ್ಟೆಯಾಕಾರ ತಾಳುತ್ತದೆ. ಸುತ್ತ ಕಬ್ಬಿಣದ ಕವಚವಿದ್ದರೆ ಹಿಗ್ಗಲು ಹೊರಗೆ ಜಾಗವಿಲ್ಲದೆ ಮರ ಒಳಮುಖವಾಗಿ ದಂಡವನ್ನೇ ಹಿಡಿಯಬಹುದು. ಇನ್ನು ಧೂಳು: ಮೃದುವಾದ ಮರದಲ್ಲಿ ನೆಟ್ಟುಕೊಂಡ ಮರಳಿನ ಕಣ ಅರದಂತೆ ಕೆಲಸ ಮಾಡಿ ಗಟ್ಟಿಯಾದ ಉಕ್ಕಿನ ದಂಡವನ್ನೇ ಸವೆಸುತ್ತದೆ. ಆಗ ಅಗ್ಗದ ಬೇರಿಂಗಿಗಾಗಿ ದುಬಾರಿ ದಂಡವನ್ನು ಕಳೆದುಕೊಂಡಂತಾಗುತ್ತದೆ.

ತರಗತಿಯಲ್ಲಿ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕಾರ್ಯಕ್ರಮದ ಒಲೆ ನಿಮಗೆ ಗೊತ್ತಿರಬಹುದು. ಮಣ್ಣಿನ ಒಲೆಯ ದಕ್ಷತೆಯನ್ನೂ ಅಳೆದು, ತಿದ್ದಿ, ಮತ್ತೆ ಅಳೆದದ್ದು ಅದರ ಹಿರಿಮೆ. ಬೇರಿಂಗಿಗೂ ಅದೇ ಗೌರವ ಸಲ್ಲಬೇಕು.

ಶಿಕ್ಷಕರು ಒಂದು ಪ್ರಯೋಗ ಮಾಡಿಸಬಹುದು. ಸೈಕಲ್ ಗಾತ್ರದ ಒಂದು ಗಾಲಿಯನ್ನು ದಂಡಕ್ಕೆ ಬಿಗಿದು, ದಂಡದ ಎರಡೂ ತುದಿಗಳನ್ನು ಬೇರಿಂಗಿನಲ್ಲಿ ಕೂರಿಸಿ. ಗಾಲಿಗೆ ಸುತ್ತಿದ ದಾರದ ತುದಿಯಲ್ಲಿ ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ ತಿರುಗಿಸಿ, ಅದು ನಿಲ್ಲುವವರೆಗಿನ ಸುತ್ತುಗಳನ್ನು ಎಣಿಸಿ. ಒಣ ಮರ, ತಣ್ಣನೆಯ ಹರಳೆಣ್ಣೆಯಲ್ಲಿ ಕೆಲವು ದಿನ ನೆನೆಸಿದ ಮರ, ನೈಲಾನ್, ಬಾಲ್ ಬೇರಿಂಗ್ - ನಾಲ್ಕನ್ನೂ ಹೋಲಿಸಿ. ನಂತರ ಪ್ರತಿಯೊಂದನ್ನೂ ಕೆಲವು ಸಾವಿರ ಸುತ್ತು ಓಡಿಸಿ, ರಂಧ್ರದ ಅಗಲವನ್ನು ವರ್ನಿಯರ್ ಕ್ಯಾಲಿಪರಿನಿಂದ ಎರಡು ದಿಕ್ಕಿನಲ್ಲಿ ಅಳೆದು, ಪ್ರಯೋಗವನ್ನು ಮರಳಿ ಮಾಡಿ. ಮೊದಲ ದಿನದ ಅಂಕಿಗಿಂತ ಕೊನೆಯ ದಿನದ ಅಂಕಿ ಹೆಚ್ಚು ಹೇಳುತ್ತದೆ.

ಮುಂದಿನ ಮೇಳದಲ್ಲಿ ಯಾವುದಾದರೂ ಅಗ್ಗದ ಬೇರಿಂಗ್ ಕಂಡರೆ ಅದನ್ನು ಮಾಡಿದ ವಿದ್ಯಾರ್ಥಿಯನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಭಾರ? ಎಷ್ಟು ವೇಗ? ಸವೆದಾಗ ಬದಲಿಸುವವರು ಯಾರು? ಮೂರಕ್ಕೂ ಉತ್ತರವಿದ್ದರೆ, ಮರದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಅದು ಬಹುಮಾನಕ್ಕೆ ಅರ್ಹವಾದ ಎಂಜಿನಿಯರಿಂಗ್.