ನ್ಯಾನೊ ಕಣ, ಸಸ್ಯಸಾರ ಮತ್ತು ಇಲಿಯ ವೃಷಣ

ನ್ಯಾನೊ ಕಣಗಳಿಂದ ವೃಷಣಕ್ಕಾಗುವ ಹಾನಿಯನ್ನು ಸಸ್ಯಜನ್ಯ ರಾಸಾಯನಿಕಗಳು ತಡೆಯುತ್ತವೆ ಎಂಬ ವಾದ ವಿಷವಿಜ್ಞಾನದ ಪತ್ರಿಕೆಗಳಲ್ಲಿ ಈಗ ಪದೇ ಪದೇ ಕಾಣಿಸುತ್ತದೆ. ಪ್ರಯೋಗಗಳ ಅಚ್ಚು ಬಹುಪಾಲು ಒಂದೇ. ಬಿಳಿ ಗಂಡಿಲಿಗಳ ಹೊಟ್ಟೆಗೆ ಕೊಳವೆಯ ಮೂಲಕ ಟೈಟಾನಿಯಂ ಡೈಆಕ್ಸೈಡ್ ಅಥವಾ ಸತುವಿನ ಆಕ್ಸೈಡ್ ಕಣಗಳನ್ನು ಹಾಕುತ್ತಾರೆ. ಇನ್ನೊಂದು ಗುಂಪಿಗೆ ಜೊತೆಯಲ್ಲೇ ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್‌ನಂಥದ್ದನ್ನೂ ಕೊಡುತ್ತಾರೆ. ಕೆಲವು ವಾರಗಳ ಬಳಿಕ ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಟೆಸ್ಟೋಸ್ಟಿರೋನ್ ಅಳೆದಾಗ ಎರಡನೆಯ ಗುಂಪಿನ ಸ್ಥಿತಿ ಸಾಮಾನ್ಯವಾಗಿ ಮೇಲು. ಇಂಥ ಕಣಗಳ ಬಗೆಗಿನ ಆತಂಕವಂತೂ ಕಾಲ್ಪನಿಕವಲ್ಲ. ಮಿಠಾಯಿ, ಚ್ಯೂಯಿಂಗ್ ಗಮ್‌ಗಳಿಗೆ ಬಿಳುಪು ತರುವ ಟೈಟಾನಿಯಂ ಡೈಆಕ್ಸೈಡನ್ನು ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಿಂದ ಹೊರಗಿಟ್ಟಿತು, ಆದರೆ ಅದಕ್ಕೆ ಕಾರಣ ಫಲವಂತಿಕೆಯಲ್ಲ, ವಂಶವಾಹಿಗೆ ಹಾನಿಯಾಗುವ ಶಂಕೆ.

ವಾದದ ಜೀವಶಾಸ್ತ್ರ ಗಟ್ಟಿಯಾಗಿಯೇ ಇದೆ. ವೀರ್ಯಾಣುವಿನ ಪೊರೆಯಲ್ಲಿ ಬೇಗ ಉತ್ಕರ್ಷಣಗೊಳ್ಳುವ ಅಪರ್ಯಾಪ್ತ ಕೊಬ್ಬು ಹೇರಳವಾಗಿದೆ. ಬಲಿಯುವಾಗ ಅದು ಕೋಶರಸವನ್ನು ಬಹುಮಟ್ಟಿಗೆ ಕಳಚಿಕೊಳ್ಳುವುದರಿಂದ ರಕ್ಷಕ ಕಿಣ್ವಗಳೂ ಕಡಿಮೆ. ಹೀಗಾಗಿ ಕರ್ಕ್ಯುಮಿನ್, ಕ್ವೆರ್ಸೆಟಿನ್‌ನಂಥ ಉತ್ಕರ್ಷಣ ನಿರೋಧಕಗಳು ಇಲ್ಲಿ ನೆರವಾಗಬಹುದೆಂಬ ಊಹೆ ಸಹಜ.

ತೊಡಕಿರುವುದು ವಿನ್ಯಾಸದಲ್ಲಿ. ಎರಡನ್ನೂ ಒಟ್ಟಿಗೆ ಬಾಯಿಂದ ಕೊಟ್ಟಾಗ ರಕ್ಷಣೆ ನಡೆದದ್ದು ವೃಷಣದಲ್ಲೋ ಕರುಳಿನಲ್ಲೋ ತಿಳಿಯದು. ಸತುವಿನ ಆಕ್ಸೈಡ್ ಜಠರದ ಆಮ್ಲದಲ್ಲಿ ಕರಗಿ ಸತುವಿನ ಅಯಾನುಗಳನ್ನು ಬಿಡುತ್ತದೆ. ಕ್ವೆರ್ಸೆಟಿನ್ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ವಸ್ತು. ವಿಷ ಒಳಗೇ ಸೇರದಿದ್ದರೆ ಅದನ್ನು ವೃಷಣದ ರಕ್ಷಣೆ ಎನ್ನುವುದು ಅತಿಶಯೋಕ್ತಿ. ವೃಷಣದಲ್ಲಿ ಲೋಹದ ಪ್ರಮಾಣ ಅಳೆಯದ ಪ್ರಬಂಧ ಈ ಸಂಶಯವನ್ನು ಕಳೆಯಲಾರದು. ಅವಧಿಯಲ್ಲೂ ದೋಷವಿದೆ. ವೀರ್ಯಾಣು ರೂಪುಗೊಳ್ಳಲು ಇಲಿಯಲ್ಲಿ ಸುಮಾರು 52 ದಿನ ಬೇಕು, ಮನುಷ್ಯನಲ್ಲಿ 74. ನಾಲ್ಕೇ ವಾರಕ್ಕೆ ಮುಗಿದ ಪ್ರಯೋಗದಲ್ಲಿ ಎಣಿಕೆಗೆ ಸಿಗುವ ವೀರ್ಯಾಣುಗಳು ಕಣ ಒಳಹೊಗುವ ಮೊದಲೇ ಬೆಳೆಯತೊಡಗಿದವು. ಮೂಲಕೋಶಗಳಿಗೆ ಬಿದ್ದ ಪೆಟ್ಟು ಅವುಗಳಲ್ಲಿ ಕಾಣುವುದಿಲ್ಲ.

ಪ್ರಮಾಣದ ಲೆಕ್ಕ ಇನ್ನೂ ಕಠಿಣ. ಇಲಿಯ ಪ್ರತಿ ಕಿಲೋ ತೂಕಕ್ಕೆ 100 ಮಿಲಿಗ್ರಾಂ ಕರ್ಕ್ಯುಮಿನ್ ಎಂದರೆ, ದೇಹದ ಮೇಲ್ಮೈ ಲೆಕ್ಕದಲ್ಲಿ, 60 ಕಿಲೋ ತೂಗುವ ಗಂಡಸಿಗೆ ದಿನಕ್ಕೆ ಸುಮಾರು 1 ಗ್ರಾಂ. ಅರಿಶಿನದಲ್ಲಿ ಕರ್ಕ್ಯುಮಿನ್ ಶೇ. 3ರ ಆಸುಪಾಸು. ಅಂದರೆ 30 ಗ್ರಾಂಗೂ ಮಿಕ್ಕಿ ಅರಿಶಿನ ಬೇಕು. ಅಷ್ಟನ್ನು ಯಾವ ಮನೆಯ ಸಾರೂ ತಾಳದು. ನುಂಗಿದ್ದೆಲ್ಲ ರಕ್ತಕ್ಕೂ ಸೇರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಸೇವಿಸಿದವರ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಿತ್ತು. 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸತ್ವ, ಸೇರಿಸಿದಾಗ ಲಭ್ಯತೆ ಶೇ. 2000 ಏರಿತು. ಪೈಪರಿನ್ ಬೆರೆಸಿದಾಗ ಇಲಿಗಳಲ್ಲಿ ಕಂಡ ಏರಿಕೆ ಶೇ. 154 ಮಾತ್ರ. ಇಲಿಯ ಅಂಕಿಗಳನ್ನು ಮನುಷ್ಯನಿಗೆ ಹೊಂದಿಸುವವರು ಈ ಅಂತರವನ್ನು ಗಮನಿಸಬೇಕು.

ಸಸ್ಯಮೂಲ ಎಂಬುದೇ ಅಭಯವೂ ಅಲ್ಲ. ಹತ್ತಿ ಬೀಜದ ಗಾಸಿಪಾಲ್ ಕೂಡ ಕರ್ಕ್ಯುಮಿನ್, ಕ್ವೆರ್ಸೆಟಿನ್‌ಗಳಂತೆ ಪಾಲಿಫಿನಾಲೇ. ಚೀನಾ 1970ರ ದಶಕದಲ್ಲಿ ಅದನ್ನು ಪುರುಷರ ಗರ್ಭನಿರೋಧಕವಾಗಿ ಸಾವಿರಾರು ಜನರಲ್ಲಿ ಪರೀಕ್ಷಿಸಿತು. ಪೊಟ್ಯಾಸಿಯಂ ಕುಸಿತ ಮತ್ತು ಕೆಲವರಲ್ಲಿ ಸರಿಹೋಗದ ಬಂಜೆತನ ಕಂಡ ಮೇಲೆ ಅದನ್ನು ಕೈಬಿಡಲಾಯಿತು. ಉತ್ಕರ್ಷಣ ನಿರೋಧಕಗಳನ್ನು ಗಂಡಸರಲ್ಲೇ ಪರೀಕ್ಷಿಸಿದ ಪ್ರಯೋಗಗಳ ಪೈಕಿ ಅಮೆರಿಕದ ಮಾಕ್ಸಿ ಪ್ರಯೋಗ ಗಮನಾರ್ಹ. ಟೊಮೆಟೊದ ಲೈಕೋಪೀನ್, ಸಿ ಮತ್ತು ಇ ವಿಟಮಿನ್ ಮುಂತಾದವುಗಳ ಮಿಶ್ರಣವನ್ನು ಅದು ಸಂತಾನಹೀನತೆಯ ತೊಂದರೆಯಿದ್ದ 171 ಗಂಡಸರಲ್ಲಿ ಪರೀಕ್ಷಿಸಿತ್ತು. 2020ರಲ್ಲಿ ಹೊರಬಂದ ಫಲಿತಾಂಶದಲ್ಲಿ ವೀರ್ಯಾಣುಗಳ ಗುಣಮಟ್ಟವಾಗಲಿ ಅವುಗಳ ಡಿಎನ್‌ಎ ಹಾನಿಯಾಗಲಿ ಸುಧಾರಿಸಿರಲಿಲ್ಲ.