ಬಂಡೆಗೆ ಬಳಿದ ಬಣ್ಣ

ನೆಲದಲ್ಲಿ ಎರಡು ರಂಧ್ರ ಕೊರೆದು, ಒಂದರಲ್ಲಿ ಕಂಪನ ಎಬ್ಬಿಸಿ, ಇನ್ನೊಂದರಲ್ಲಿ ಅದನ್ನು ಹಿಡಿದು ನಡುವಿನ ಬಂಡೆಯ ಚಿತ್ರ ಬಿಡಿಸುವ ಟೊಮೊಗ್ರಫಿಯನ್ನು ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ಗೆ ಹೋಲಿಸುವುದು ರೂಢಿ. ಹೋಲಿಕೆ ಅರ್ಧ ಮಾತ್ರ ಸರಿ. ಸ್ಕ್ಯಾನ್ ಯಂತ್ರ ರೋಗಿಯ ಸುತ್ತ ತಿರುಗುತ್ತದೆ. ರಂಧ್ರಗಳು ಕೊರೆದಲ್ಲೇ ಇರುತ್ತವೆ. ಕಂಪನದ ಕಿರಣಗಳೆಲ್ಲ ಹೆಚ್ಚುಕಡಿಮೆ ಅಡ್ಡಡ್ಡವಾಗಿಯೇ ಹಾಯುವುದರಿಂದ ಮಲಗಿದ ಪದರಗಳು ಚೆನ್ನಾಗಿ ಮೂಡುತ್ತವೆ, ನೆಟ್ಟಗೆ ನಿಂತ ಬಿರುಕು ಅಕ್ಕಪಕ್ಕಕ್ಕೆ ಹರಡಿ ಮಸುಕಾಗುತ್ತದೆ. ಕಂಪ್ಯೂಟರ್ ಮಾತ್ರ ಎರಡಕ್ಕೂ ಒಂದೇ ಧೈರ್ಯದಿಂದ ಬಣ್ಣ ಬಳಿಯುತ್ತದೆ. ನನ್ನ ತಕರಾರು ವಿಧಾನದ ಮೇಲಲ್ಲ, ಆ ಧೈರ್ಯದ ಮೇಲೆ.

ಲೆಕ್ಕ ಹಾಕಿ ನೋಡೋಣ. ರಂಧ್ರಗಳ ನಡುವೆ 20 ಮೀಟರ್, ಗಟ್ಟಿ ಗ್ರಾನೈಟ್‌ನಲ್ಲಿ ಅಲೆಯ ವೇಗ ಸೆಕೆಂಡಿಗೆ 5000 ಮೀಟರ್ ಎಂದಿಟ್ಟುಕೊಂಡರೆ ಪ್ರಯಾಣಕ್ಕೆ 4 ಮಿಲಿಸೆಕೆಂಡ್ ಸಾಕು. ದಾರಿಯಲ್ಲಿ 1 ಮೀಟರ್ ದಪ್ಪದ ಜಜ್ಜಿಹೋದ ಬಂಡೆ ಸಿಕ್ಕಿ ಅಲ್ಲಿ ವೇಗ 4000ಕ್ಕೆ ಇಳಿದರೆ ಆಗುವ ವಿಳಂಬ 0.05 ಮಿಲಿಸೆಕೆಂಡ್. ಒಂದು ರಂಧ್ರ ಆಳದಲ್ಲಿ 20 ಸೆಂಟಿಮೀಟರ್ ಆಚೆಗೆ ವಾಲಿದ್ದು ಗಮನಕ್ಕೆ ಬಾರದಿದ್ದರೆ? 0.04. ಅಂದರೆ ರಂಧ್ರದ ಓರೆಯನ್ನು ಅಳೆಯದೆ ತೆಗೆದ ಚಿತ್ರದಲ್ಲಿ ಕೊರೆಯುವವನ ತಪ್ಪು ಬಂಡೆಯ ದೋಷವಾಗಿ ಮೂಡಬಹುದು. ಸಾಲದ್ದಕ್ಕೆ, ಮೊದಲು ಬಂದು ತಲುಪುವ ಅಲೆ ಯಾವಾಗಲೂ ವೇಗದ ದಾರಿ ಹಿಡಿದದ್ದು. ಸಣ್ಣ ಪೊಳ್ಳನ್ನು ಬಳಸಿಕೊಂಡು ಬಂದುಬಿಡುತ್ತದೆ.

ಹಾಗಾದರೆ ಇನ್ನಷ್ಟು ಕೊರೆದರಾಯಿತು ಎನ್ನುವವರಿದ್ದಾರೆ. ಆದರೆ ರಂಧ್ರಕ್ಕೆ ಗೊತ್ತಿರುವುದು ತನ್ನ ಕೆಲವೇ ಅಂಗುಲ. ಅದರ ಪಕ್ಕದಲ್ಲೇ ಇರುವ ಬಿರುಕೂ ತಪ್ಪಿಹೋಗುತ್ತದೆ. ಮೊದಲ ಅಲೆಯನ್ನಷ್ಟೇ ಅಲ್ಲದೆ ಇಡೀ ಕಂಪನದಾಖಲೆಯನ್ನು ಬಳಸುವ ಹೊಸ ಗಣಿತ ಎಲ್ಲ ಸರಿಪಡಿಸುತ್ತದೆ ಎಂಬ ವಾದ ಇನ್ನೂ ಬಲವಾದದ್ದು. ಚಿತ್ರ ನಿಚ್ಚಳವಾಗುವುದು ನಿಜ. ಆದರೂ ರಂಧ್ರಗಳ ಜೋಡಣೆ ಹೇರುವ ಮಿತಿ ಪೂರ್ತಿ ಅಳಿಯದು, ಆರಂಭದ ಊಹೆ ಕೆಟ್ಟರೆ ಗಣಿತವೂ ದಾರಿ ತಪ್ಪುತ್ತದೆ. ಪ್ರತಿ ಚಿತ್ರದ ಜೊತೆ ಕಿರಣಗಳು ಎಲ್ಲೆಲ್ಲಿ ಹಾದವೆಂಬ ನಕ್ಷೆಯೂ ಇರಬೇಕು; ವಿರಳವಾದ ಕಡೆ ಬಣ್ಣವೇ ಬೇಡ.

ಸ್ವೀಡನ್ನಿನ ಸ್ಟ್ರಿಪಾದಲ್ಲಿ, ಮುಚ್ಚಿದ ಕಬ್ಬಿಣದ ಗಣಿಯೊಳಗೆ, 1980ರಿಂದ 1992ರವರೆಗೆ ನಡೆದ ಅಣುತ್ಯಾಜ್ಯ ಸಂಶೋಧನೆ ಇಂಥ ಚಿತ್ರಗಳಿಗೆ ಕಠಿಣ ಪರೀಕ್ಷೆ ಒಡ್ಡಿತು. ರಂಧ್ರಗಳ ನಡುವೆ ರಾಡಾರ್, ಕಂಪನ ಎರಡನ್ನೂ ಹಾಯಿಸಿ, ಬಿರುಕಿನ ವಲಯಗಳನ್ನು ಗುರುತಿಸಿ, ಆಮೇಲೆ ಅಲ್ಲೇ ಸುರಂಗ ತೋಡಿ ನೋಡಿದರು. ವಲಯಗಳು ಬಹುಮಟ್ಟಿಗೆ ಹೇಳಿದ ಕಡೆಯೇ ಸಿಕ್ಕವು. ನೀರು ಮಾತ್ರ ಲೆಕ್ಕ ತಪ್ಪಿಸಿತು: ಅದೇ ಜಾಗದ ರಂಧ್ರಗಳಿಗೆ ಒಸರುತ್ತಿದ್ದುದಕ್ಕಿಂತ ಸುರಂಗಕ್ಕೆ ಬಂದದ್ದು ಬಹಳ ಕಡಿಮೆ. ವೇಗ ತಗ್ಗಿದ ಜಾಗ ಎಲ್ಲಿದೆ ಎಂದು ಈ ವಿಧಾನ ಹೇಳಬಲ್ಲದು. ಅಲ್ಲಿ ಜೇಡಿ ತುಂಬಿದೆಯೋ, ನೀರು ಹರಿಯುತ್ತದೆಯೋ ಎಂಬುದಕ್ಕೆ ಪಂಪು ಹಚ್ಚಿಯೇ ಉತ್ತರ ಪಡೆಯಬೇಕು.