ನಳಿಗೆಯ ಮೇಲೆ ಎರಡು ಉಬ್ಬು

ಕಾಂದಿವಲಿ ಪೂರ್ವದ ಗೆಳೆಯರೊಬ್ಬರು 1:35 ಅಳತೆಯಲ್ಲಿ ಕಟ್ಟಿದ ಎರಡು ಟಿ-55 ಟ್ಯಾಂಕುಗಳಲ್ಲಿ ಕೈಕೆಲಸಕ್ಕೆ ಕೊಂಕು ಹೇಳುವಂತಿಲ್ಲ. ಅಂಟಿನ ಕಲೆ ಎಲ್ಲೂ ಇಲ್ಲ. ಮುಂಬಯಿಯ ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಇಲ್ಲಿ ಅದೂ ಆಗಿಲ್ಲ. ಒಂದರ ಕೆಳಗಿನ ಪಟ್ಟಿಯಲ್ಲಿ ‘ಛಂಬ್, ಡಿಸೆಂಬರ್ 1971’ ಎಂದಿದೆ, ಇನ್ನೊಂದರಲ್ಲಿ ‘ಟಿ-55, 105 ಮಿ.ಮೀ. ಫಿರಂಗಿ’ ಎಂದಿದೆ. ಮೊದಲನೆಯದನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ. ದುಡ್ಡು ಹೆಚ್ಚು ಸುರಿದಿರುವುದು ಮಾತ್ರ ಎರಡನೆಯದಕ್ಕೇ.

ಭಾರತದ ಟಿ-55 ಕಟ್ಟುವವರಿಗೆ ತೊಡಕು ಶುರುವಾಗುವುದು ನಳಿಗೆಯಲ್ಲಿ. ಸೋವಿಯತ್ ಕಾರ್ಖಾನೆಯಿಂದ ಬಂದ ಟ್ಯಾಂಕಿಗೆ ಇದ್ದದ್ದು 100 ಮಿ.ಮೀ. ಫಿರಂಗಿ, ಗುಂಡು ಹಾರಿದ ಮೇಲಿನ ಹೊಗೆಯನ್ನು ಎಳೆದು ಹೊರಹಾಕುವ ಉಬ್ಬು ಅದರಲ್ಲಿ ನಳಿಗೆಯ ತುದಿಯಲ್ಲೇ ಇರುತ್ತದೆ. ಮುಂದೆ ನಮ್ಮ ಸೇನೆ ಅದನ್ನು ತೆಗೆದು ಬ್ರಿಟಿಷ್ ಎಲ್7 ಮಾದರಿಯ 105 ಮಿ.ಮೀ. ಫಿರಂಗಿ ಕೂರಿಸಿತು. ಅದರ ಉಬ್ಬು ನಳಿಗೆಯ ನಡುಭಾಗದಲ್ಲಿ. ಅಳತೆ ಇಳಿಸಿ ನೋಡಿದರೆ 100 ಮಿ.ಮೀ. ಅಂದರೆ 2.86, 105 ಅಂದರೆ ಸರಿಯಾಗಿ 3. ಆ ಕೂದಲೆಳೆಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಕಣ್ಣಿಗೆ ಬೀಳುವುದು ಉಬ್ಬಿನ ಜಾಗ.

ಹಾಗಾದರೆ ನಡುವೆ ಉಬ್ಬಿದ್ದರೆ 105 ಎಂದು ಗುರುತಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. 1971ರ ಯುದ್ಧದಲ್ಲಿ ಎದುರಿಗಿದ್ದದ್ದು ಪಾಕಿಸ್ತಾನದ ಟೈಪ್ 59 ಟ್ಯಾಂಕ್. ಚೀನಾ ತಯಾರಿಸಿದ, ಟಿ-55ರ ಹಿಂದಿನ ರೂಪವಾದ ಟಿ-54ರ ನಕಲು. ಧೂಳಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಮ್ಮವರೇ ನಮ್ಮ ಮೇಲೆ ಗುಂಡು ಹಾರಿಸಬಾರದೆಂದು ಭಾರತದ ಟಿ-54, ಟಿ-55ಗಳ ನಳಿಗೆಯ ನಡುವೆ ಸೆಂಚುರಿಯನ್ ಟ್ಯಾಂಕಿನದರಂತೆ ಕಾಣುವ ಹುಸಿ ಉಬ್ಬೊಂದನ್ನು ತೊಡಿಸಿದರು. ಹೀಗಾಗಿ ಆ ಯುದ್ಧದ ಫೋಟೋ ನೋಡಿ ‘ಓಹೋ, 105’ ಎಂದು ಕಿಟ್ ತರಿಸಿದರೆ ಕೆಟ್ಟಿರಿ. ನಡುವೆ ಒಂದು, ತುದಿಯಲ್ಲಿ ಇನ್ನೊಂದು, ಹೀಗೆ ಎರಡು ಉಬ್ಬು ಕಂಡರೆ ಅದು ಹುಸಿ ತೊಟ್ಟ ಹಳೆಯ ಫಿರಂಗಿ. ತುದಿ ಬೋಳಾಗಿದ್ದು ನಡುವೆ ಮಾತ್ರ ಇದ್ದರೆ ಎಲ್7.

ಗೆಳೆಯರ ಛಂಬ್ ಟ್ಯಾಂಕಿನಲ್ಲಿ ಎರಡೂ ಉಬ್ಬುಗಳಿವೆ. ಛಂಬ್‌ನಲ್ಲಿ ಕಾದಾಡಿದ ಡೆಕ್ಕನ್ ಹಾರ್ಸ್, 72ನೇ ಆರ್ಮರ್ಡ್ ರೆಜಿಮೆಂಟ್‌ಗಳ ಟ್ಯಾಂಕಿಗೆ ಅದು ಸರಿಹೋಗುತ್ತದೆ. ಒಡಲಿಗೆ ಮಿನಿಆರ್ಟ್ ಕಂಪನಿಯ ಟಿ-55 ಕಿಟ್ ಬಳಸಿದ್ದಾರೆ, ಹುಸಿ ಉಬ್ಬಿಗೆ ಪ್ಲಾಸ್ಟಿಕ್ ಕೊಳವೆಯ ತುಂಡು. ಹೊರಗಿನಿಂದ ತಂದದ್ದು ಅಷ್ಟೇ. ತಮಿಯಾದ ಟಿ-55ಎ ಜೋಡಿಸಲು ಇದಕ್ಕಿಂತ ಎಷ್ಟೋ ಸಲೀಸು. ಆದರೂ ಅವರು ಅದನ್ನು ಬಿಟ್ಟದ್ದಕ್ಕೆ ಕಾರಣವಿದೆ. ‘ಎ’ ಮಾದರಿಯಲ್ಲಿ ಮುಂಭಾಗದ ಓರೆ ತಗಡಿನ ನಡುವಿದ್ದ ಮೆಷಿನ್‌ಗನ್ನಿನ ತೂತನ್ನು ಮುಚ್ಚಿದ್ದರು. ಅವರು ಮುಂದಿಟ್ಟುಕೊಂಡ ಫೋಟೋದಲ್ಲಿ ತೂತು ಇದೆ. ಗುಂಡುಸೂಜಿಯ ತಲೆಗಿಂತ ಚಿಕ್ಕ ಆ ತೂತು ಕಿಟ್ಟನ್ನು ನಿರ್ಧರಿಸಿತು. ಆಯ್ಕೆ ಅಂದರೆ ಹೀಗಿರಬೇಕು.

ಎರಡನೆಯದರಲ್ಲಿ ಈ ಶಿಸ್ತು ಸಡಿಲಿದೆ. ಎಲ್7 ನಳಿಗೆ ಬೇಕೆಂದು ಮಿನಿಆರ್ಟ್‌ನದೇ ತಿರಾನ್ ಪೆಟ್ಟಿಗೆ ತರಿಸಿದ್ದಾರೆ. ಅರಬರಿಂದ ವಶಪಡಿಸಿಕೊಂಡ ಟಿ-54ಕ್ಕೆ ಇಸ್ರೇಲಿನವರು 105 ಮಿ.ಮೀ. ಫಿರಂಗಿ ಹಾಕಿದ ರೂಪ ಅದು. ಇಸ್ರೇಲಿ ಸಾಮಾನಿನ ಬುಟ್ಟಿಗಳನ್ನೂ ಮೆಷಿನ್‌ಗನ್ನುಗಳನ್ನೂ ಬಿಟ್ಟಿದ್ದಾರೆ, ಸರಿ. ಆದರೆ ನಳಿಗೆಯೊಂದನ್ನೇ ತೆಗೆದುಕೊಳ್ಳುವ ಬದಲು ಇಡೀ ಗೋಪುರವನ್ನೇ ಟಿ-55ರ ಒಡಲಿನ ಮೇಲೆ ಕೂರಿಸಿಬಿಟ್ಟಿದ್ದಾರೆ. ಗೋಪುರದ ಬಲ ಮುಂಭಾಗದಲ್ಲಿ ಅಣಬೆಯಂಥ ಗಾಳಿಕಿಂಡಿಯ ಗುಬುಟು ಎದ್ದು ನಿಂತಿದೆ. ಅದು ಟಿ-54ರ ಗುರುತು, ಟಿ-55ರಲ್ಲಿ ಇಲ್ಲ. ದೂರದಿಂದಲೇ ಎರಡನ್ನೂ ಬೇರೆ ಮಾಡುವುದೇ ಆ ಗುಬುಟು! ಇದರ ಜತೆಗೆ ಗೋಪುರದೊಳಗೆ ಸೀಟು, ಗುಂಡಿನ ಗೂಡು, ರೇಡಿಯೋ ಎಲ್ಲ ಜೋಡಿಸಿ ಬಣ್ಣ ಬಳಿದು, ಮುಚ್ಚಳ ಹಾಕಿ ಅಂಟಿಸಿದ್ದಾರೆ. ಒಳಗೇನಿದೆ ಎಂದು ಇನ್ನು ಅವರೂ ನೋಡಲಾರರು.

ಹಲವು ಕಿಟ್ ಸೇರಿಸುವುದರಲ್ಲಿ ನನಗೆ ತಕರಾರಿಲ್ಲ. ಫೋಟೋ ಕೇಳಿದ್ದಕ್ಕೆ ಮಾತ್ರ ಹೊರಗಿನ ಭಾಗ ಉತ್ತರವಾಗಿ ಬರಬೇಕು. ಪ್ರತಿ ಪೆಟ್ಟಿಗೆಯಿಂದ ‘ಅತ್ಯುತ್ತಮ’ ಎನಿಸಿದ್ದನ್ನು ಆರಿಸಿ ತಂದರೆ ಎಲ್ಲೂ ಓಡಾಡದ ಟ್ಯಾಂಕ್ ತಯಾರಾಗುತ್ತದೆ. ಕಂಪನಿ ಬದಲಾದರೆ ಅಳತೆಯನ್ನೂ ನಂಬಬಾರದು. ಟಿ-55ರ ಗಾಲಿಯ ವ್ಯಾಸ 810 ಮಿ.ಮೀ., ಅಂದರೆ ಇಲ್ಲಿ 23.1, ಸರಪಳಿಯ ಅಗಲ 580, ಅಂದರೆ 16.6. ಅಂಟಿನ ಡಬ್ಬಿ ತೆರೆಯುವ ಮೊದಲೇ ವರ್ನಿಯರ್ ಹಿಡಿದು ಇಷ್ಟನ್ನು ನೋಡಿಬಿಡಬೇಕು. ಅಂದಹಾಗೆ 1:35 ಎಂಬ ಅನುಪಾತ ಯಾವ ಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. 1960ರ ದಶಕದ ಆರಂಭದಲ್ಲಿ ತಮಿಯಾ ತನ್ನ ಪ್ಯಾಂಥರ್ ಟ್ಯಾಂಕಿನೊಳಗೆ ಬ್ಯಾಟರಿ ಹಿಡಿಸುವಷ್ಟು ಜಾಗ ಬಿಟ್ಟಿತು, ಆಮೇಲೆ ಅಳೆದರೆ ಸುಮಾರು ಮೂವತ್ತೈದರಲ್ಲಿ ಒಂದು ಪಾಲು ಆಗಿತ್ತು. ಕೂದಲು ಸೀಳುವ ನಮ್ಮ ನಿಖರತೆಯೆಲ್ಲ ನಿಂತಿರುವುದು ಬ್ಯಾಟರಿಯ ಮೇಲೆ.

ನಿಜವಾದ ಟ್ಯಾಂಕ್ ನೋಡಿಯೇ ಕಟ್ಟುತ್ತೇನೆ ಎನ್ನುವವರಿಗೂ ಒಂದು ಮಾತು. ಕಾಂದಿವಲಿಯಲ್ಲೇ ಸೇನೆಯ ಕೇಂದ್ರ ಶಸ್ತ್ರಾಸ್ತ್ರ ಡಿಪೋ (ಸಿಒಡಿ) ಇದೆ, ನಿಜ. ಆ ಗೋಡೆಯೊಳಕ್ಕೆ ಟೇಪು ಹಿಡಿದು ಹೋಗುವಂತಿಲ್ಲ. ನೋಡುವುದಿದ್ದರೆ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ, ಊರ ಕಡೆ ಹೋದಾಗ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಇದೆ. ಗಾಲಿಯ ಆಕಾರ, ಬೆಸುಗೆಯ ಗೆರೆ, ಎರಕದ ಒರಟುತನ ತಿಳಿಯಲು ಅವುಗಳಷ್ಟು ಒಳ್ಳೆಯ ಗುರು ಬೇರಿಲ್ಲ. ಆದರೆ ಪ್ರದರ್ಶನಕ್ಕೆ ನಿಂತ ಟ್ಯಾಂಕು ಸೇವೆ ಮುಗಿಸಿದ ಕಾಲದ ಟ್ಯಾಂಕು, ಮೇಲೆ ಸಮಾರಂಭದ ಬಣ್ಣ ಬೇರೆ. ಅದನ್ನು ನೋಡಿ 1971 ಕಟ್ಟಲು ಹೊರಟರೆ ಮತ್ತೆ ನಳಿಗೆಯಲ್ಲೇ ಎಡವುತ್ತೀರಿ.

ಗೆಳೆಯರಿಗೆ ಈಗ ಇರುವ ದಾರಿ ಎರಡು. ಗುಬುಟನ್ನು ಕತ್ತರಿಸಿ, ಪುಟ್ಟಿ ತುಂಬಿ, ಎರಕದ ಒರಟುತನ ಮತ್ತೆ ಬರುವಂತೆ ಕುಂಚದಿಂದ ಕುಟ್ಟಿ, ಹೊಸದಾಗಿ ಬಣ್ಣ ಹೊಡೆಯುವುದು ಒಂದು. ಪಟ್ಟಿಯಲ್ಲಿ ಟಿ-54 ಎಂದು ಬರೆದು ಪಾರಾಗುವುದು ಇನ್ನೊಂದು. ಹಾಗೆ ಮಾಡಿದರೆ ಕೆಳಗಿನ ಒಡಲನ್ನೂ ಬದಲಿಸಬೇಕಾಗುತ್ತದೆ. ನಾನಾಗಿದ್ದರೆ ಚಾಕು ಎತ್ತಿಕೊಳ್ಳುತ್ತಿದ್ದೆ.